ಒಳ್ಳೆಯ ಕಿವಿಯಿದ್ದ ಪೆಟ್ಟಿಗೆಗಳು

ಶಾರ್ಟ್‌ವೇವ್ ಕೇಳುವ ಹವ್ಯಾಸಿಗಳು ನಾಲ್ವರು ಒಂದೆಡೆ ಕೂತರೆ ಮಾತು ಯಾವ ಊರಿನಿಂದ ಹೊರಟರೂ ಬಂದು ತಂಗುವುದು ಒಂದೇ ಛತ್ರದಲ್ಲಿ: "ಈಗ ಒಳ್ಳೆಯ ಸೆಟ್ಟು ಎಲ್ಲಿ ಸಿಗುತ್ತೆ ಸ್ವಾಮಿ?" ಮುದುಕರು ಹಿಂದಿನ ಕಾಲದ ತುಪ್ಪವನ್ನು ನೆನೆದು ನಿಟ್ಟುಸಿರು ಬಿಡುವಂತೆಯೇ ಇದೂ ಎಂದು ಮನೆಯವರು ನಗುತ್ತಾರೆ. ನಾನೂ ಆ ನಾಲ್ವರಲ್ಲಿ ಒಬ್ಬ. ಈ ನಗೆ ಕೇಳಿ ಕೇಳಿ ಅಭ್ಯಾಸವಾಗಿದೆ. ಆದರೆ ತುಪ್ಪದ ಮಾತು ನಾಲಗೆಯ ನೆನಪಿಗೆ ಬಿಟ್ಟದ್ದು. ರೇಡಿಯೋ ಸೆಟ್ಟಿನ ಗುಣವನ್ನಾದರೋ ಅಳೆಯಬಹುದು. ಅದು ಯಾವಾಗ ಏರಿತು, ಯಾವಾಗ ಇಳಿಯಿತು ಎಂದು ವರ್ಷ ಹಾಕಿ ಹೇಳಬಹುದು. ಅದಕ್ಕಿಂತ ಹೆಚ್ಚಾಗಿ, ಒಂದು ದೇಶದ ಜನ ಏನನ್ನು ಕೇಳಬಲ್ಲರು, ಏನನ್ನು ಕೇಳಲಾರರು ಎಂಬುದು ಎಷ್ಟೋ ಸಲ ಅವರ ಮನೆಯ ಪೆಟ್ಟಿಗೆಯ ಗುಣವನ್ನೇ ಅವಲಂಬಿಸಿದ್ದುಂಟು. ಆದ್ದರಿಂದ ಈ ಕೊರಗಿಗೆ ಒಂದು ಚರಿತ್ರೆಯಿದೆ. ಅದನ್ನು ಹೇಳುವುದು ತಪ್ಪಾಗಲಾರದು.

ಒಳ್ಳೆಯ ಸೆಟ್ಟು ಎಂದರೆ ದೂರದ ನಿಲಯವನ್ನು ಹಿಡಿಯುವುದು ಎಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಹಿಡಿಯುವುದು ಅಂಥ ಮಹಾ ಕೆಲಸವೇನಲ್ಲ. ಭೂಮಿಯಿಂದ ನೂರಾರು ಕಿಲೋಮೀಟರ್ ಮೇಲೆ ಸೂರ್ಯನ ಕಿರಣಗಳ ಹೊಡೆತಕ್ಕೆ ಸಿಕ್ಕಿ ವಿದ್ಯುದಾವಿಷ್ಟವಾದ ಗಾಳಿಯ ಪದರಗಳಿವೆ. ಹ್ರಸ್ವ ತರಂಗಗಳು ಅಲ್ಲಿಗೆ ಹೋಗಿ, ಬಾಗಿ, ಸಾವಿರಾರು ಮೈಲಿಯಾಚೆ ಭೂಮಿಗೆ ಇಳಿಯುತ್ತವೆ. ಹಿತ್ತಲಿನ ತೆಂಗಿನಮರಕ್ಕೆ ಕಟ್ಟಿದ ತಂತಿಯ ಮೇಲೆ ಲಂಡನ್ನು, ಮಾಸ್ಕೋ, ಪೀಕಿಂಗು, ಕೊಲಂಬೊ ಎಲ್ಲವೂ ಒಟ್ಟಿಗೇ ಬಂದು ಕೂರುತ್ತವೆ. ಕಷ್ಟವಿರುವುದು ಬೇಡದ್ದನ್ನು ಬಿಡುವುದರಲ್ಲಿ. ಸಂತೆಯ ನಡುವೆ ನಿಂತವನಿಗೆ ಗದ್ದಲ ಕೇಳಿಸುವುದು ದೊಡ್ಡದಲ್ಲ. ಮೂರು ಅಂಗಡಿಯಾಚೆ ಪಿಸುಗುಟ್ಟುತ್ತಿರುವ ಒಬ್ಬನ ಮಾತು ಮಾತ್ರ ಕೇಳಿಸಿ, ಪಕ್ಕದಲ್ಲೇ ಕೂಗುತ್ತಿರುವವನ ದನಿ ಕಿವಿಗೆ ಬೀಳಬಾರದು ಎಂದರೆ ಅದು ಸಾಹಸ. ಶಾರ್ಟ್‌ವೇವಿನಲ್ಲಿ ನಿಲಯ ನಿಲಯಗಳ ನಡುವೆ ಇರುವ ಅಂತರ ಐದೇ ಕಿಲೋಹರ್ಟ್ಸ್. ಹೀಗೆ ಭುಜಕ್ಕೆ ಭುಜ ತಾಗಿಸಿ ನಿಂತವರಲ್ಲಿ ಒಬ್ಬನನ್ನೇ ಬಿಡಿಸಿ ತರುವ ವಿದ್ಯೆಯೇ ಒಳ್ಳೆಯ ಸೆಟ್ಟಿನ ವಿದ್ಯೆ.

ಈ ವಿದ್ಯೆಗೆ ತಳಪಾಯ ಹಾಕಿದವನು ಎಡ್ವಿನ್ ಆರ್ಮ್‌ಸ್ಟ್ರಾಂಗ್. ಮೊದಲನೆಯ ಮಹಾಯುದ್ಧದ ಕೊನೆಯ ವರ್ಷ, ೧೯೧೮ರಲ್ಲಿ, ಅಮೆರಿಕದ ಸೇನೆಯ ಪರವಾಗಿ ಪ್ಯಾರಿಸ್ಸಿನಲ್ಲಿದ್ದಾಗ ಅವನು ಸೂಪರ್‌ಹೆಟರೊಡೈನ್ ಎಂಬ ವಿಧಾನವನ್ನು ರೂಪಿಸಿದ. ಹೆಸರು ಕೇಳಿ ಬೆದರಬೇಕಾಗಿಲ್ಲ. ಯಾವ ನಿಲಯವೇ ಬರಲಿ, ಅದರ ಆವರ್ತನವನ್ನು ಮೊದಲು ಗೊತ್ತಾದ ಒಂದೇ ಆವರ್ತನಕ್ಕೆ ಇಳಿಸುವುದು. ಆಮೇಲೆ ಸೋಸುವ ಕೆಲಸವನ್ನೆಲ್ಲ ಆ ಒಂದೇ ಜಾಗದಲ್ಲಿ ಮಾಡುವುದು. ಊರಿನ ನೀರೆಲ್ಲ ಒಂದೇ ತೂಬಿನ ಮೂಲಕ ಹರಿಯುವಂತೆ ಮಾಡಿದರೆ ಜರಡಿ ಒಂದೇ ಸಾಕಲ್ಲವೇ? ಆ ಜರಡಿ ಎಷ್ಟು ಸೂಕ್ಷ್ಮವೋ ಸೆಟ್ಟು ಅಷ್ಟು ಒಳ್ಳೆಯದು. ಇಂದಿಗೂ ಬಹುಪಾಲು ರೇಡಿಯೋಗಳ ಮೂಲತತ್ತ್ವ ಇದೇ.

ಅದರ ಮಹತ್ವವನ್ನು ಲೋಕಕ್ಕೆ ತೋರಿಸಿಕೊಟ್ಟವರು ಹವ್ಯಾಸಿಗಳು ಎಂಬುದನ್ನು ಹೇಳಲು ನನಗೆ ಸ್ವಲ್ಪ ಹೆಮ್ಮೆಯೇ. ೧೯೧೨ರ ಅಮೆರಿಕದ ಕಾನೂನು ೨೦೦ ಮೀಟರಿಗಿಂತ ಕಿರಿದಾದ ತರಂಗಗಳನ್ನು ಕೆಲಸಕ್ಕೆ ಬಾರದವೆಂದು ಬಗೆದು ಹವ್ಯಾಸಿಗಳನ್ನು ಅತ್ತ ತಳ್ಳಿತ್ತು. ೧೯೨೧ರ ಡಿಸೆಂಬರಿನಲ್ಲಿ ಅವರು ತಮ್ಮಲ್ಲಿ ಒಬ್ಬನಾದ ಪಾಲ್ ಗಾಡ್ಲಿಯನ್ನು ಸ್ಕಾಟ್ಲೆಂಡಿನ ಆರ್ಡ್ರಾಸನ್ ಎಂಬ ಕಡಲ ತೀರಕ್ಕೆ ಕಳುಹಿಸಿದರು. ಚಳಿ, ಮಳೆ, ಗಾಳಿಗಳ ನಡುವೆ ಅವನು ಒಂದು ಗುಡಾರದಲ್ಲಿ ಕೂತು, ಆರ್ಮ್‌ಸ್ಟ್ರಾಂಗನ ಮಾದರಿಯ ಸೆಟ್ಟಿಗೆ ಕಿವಿಗೊಟ್ಟು, ಅಟ್ಲಾಂಟಿಕ್ಕಿನಾಚೆಯ ತನ್ನ ಗೆಳೆಯರ ಸಣ್ಣ ಸಣ್ಣ ಯಂತ್ರಗಳ ಟಕಟಕವನ್ನು ಕೇಳಿಸಿಕೊಂಡ. ಕಳುಹಿಸುವ ಶಕ್ತಿಗಿಂತ ಕೇಳುವ ಕಿವಿಯೇ ಮುಖ್ಯವಾಗಬಹುದೆಂಬುದಕ್ಕೆ ಅದೊಂದು ನಿದರ್ಶನ. ಬಿ.ಬಿ.ಸಿ.ಯ ಎಂಪೈರ್ ಸರ್ವಿಸ್ ೧೯೩೨ರಲ್ಲಿ ಆರಂಭವಾಗುವ ಹೊತ್ತಿಗೆ, ಒಂದು ಕಾಲಕ್ಕೆ ಕಸವೆನಿಸಿಕೊಂಡಿದ್ದ ತರಂಗಗಳಿಗೆ ಸಾಮ್ರಾಜ್ಯಗಳೇ ಕೈಚಾಚಿದ್ದವು.

ಅಲ್ಲಿಂದ ಮುಂದಿನ ಮೂವತ್ತು ವರ್ಷ ಸೆಟ್ಟುಗಳ ಸುವರ್ಣಯುಗ. ೧೯೩೫ರಲ್ಲಿ ಅಮೆರಿಕದ ನ್ಯಾಷನಲ್ ಕಂಪನಿ ಎಚ್.ಆರ್.ಓ. ಎಂಬ ಸೆಟ್ಟನ್ನು ಹೊರತಂದಿತು. ಅವಸರದ ಕೆಲಸವೆಂದು ಕಾರ್ಖಾನೆಯವರು ಬೈದುಕೊಂಡು ಬರೆದ ಗುರುತೇ ಅದರ ಹೆಸರಾಯಿತೆಂದು ಹೇಳುತ್ತಾರೆ! ಬೆಂಗಳೂರಿನ ಮಿತ್ರರೊಬ್ಬರ ಮನೆಯಲ್ಲಿ ನಾನೊಂದನ್ನು ನೋಡಿದ್ದೇನೆ. ಕಪ್ಪು ತಗಡಿನ ಮೈ. ಅಂದಚಂದ ಏನೂ ಇಲ್ಲ. ಬ್ಯಾಂಡು ಬದಲಿಸಬೇಕಾದರೆ ಕೆಳಗಿನ ಸುರುಳಿಗಳ ಡಬ್ಬವನ್ನೇ ಎಳೆದು ತೆಗೆದು ಇನ್ನೊಂದನ್ನು ಸೇರಿಸಬೇಕು. ಆದರೆ ನಡುವೆ ಇರುವ ಆ ತಿರುಗುಚಕ್ರ! ಐನೂರು ಗೆರೆಗಳಾಗಿ ವಿಂಗಡಿಸಿದ ಆ ಚಕ್ರವನ್ನು ಬೆರಳ ತುದಿಯಿಂದ ತಿರುಗಿಸಿದರೆ ಬೆಣ್ಣೆಯಲ್ಲಿ ಕೈಯಾಡಿಸಿದಂತೆ ಆಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನು ಇವನ್ನು ಸಾವಿರಗಟ್ಟಲೆ ತರಿಸಿಕೊಂಡು, ಜರ್ಮನರ ಗುಪ್ತ ಸಂದೇಶಗಳನ್ನು ಕದ್ದು ಕೇಳಲು ಕೂರಿಸಿತು. ಬ್ಲೆಚ್ಲಿ ಪಾರ್ಕಿನ ಗಣಿತಜ್ಞರು ಬಿಡಿಸಿದ ಒಗಟುಗಳ ಕಥೆಯನ್ನು ಲೋಕವೆಲ್ಲ ಓದಿದೆ. ಆ ಒಗಟುಗಳನ್ನು ಗಾಳಿಯಿಂದ ಹೆಕ್ಕಿ ಕೊಟ್ಟ ಪೆಟ್ಟಿಗೆಗಳನ್ನು ನೆನೆಯುವವರು ಕಡಮೆ.

ಯುದ್ಧದ ಅನಂತರ ಅಮೆರಿಕದ ಸೇನೆಗಾಗಿ ಕಾಲಿನ್ಸ್ ಕಂಪನಿ ರೂಪಿಸಿದ ಆರ್-೩೯೦ಎ ಎಂಬುದು ಈ ವಿದ್ಯೆಯ ಶಿಖರವೆಂದು ಬಹುಮಂದಿಯ ಅಭಿಪ್ರಾಯ; ನನ್ನದೂ ಅದೇ. ೧೯೫೦ರ ದಶಕದ ನಡುವೆ ಬಂದ ಆ ಯಂತ್ರದ ತೂಕ ಸುಮಾರು ೩೮ ಕಿಲೋ, ಎಂದರೆ ಒಬ್ಬನೇ ಎತ್ತಿದರೆ ಸೊಂಟ ಹಿಡಿಯುವಷ್ಟು. ಒಳಗೆ ಗಡಿಯಾರದಂತೆ ಹಲ್ಲುಚಕ್ರಗಳ ಸಾಲು. ಹೊರಗೆ ಕಾರಿನ ಮೈಲಿಗಲ್ಲು ತೋರಿಸುವ ಅಂಕಿಗಳಂತೆ ಉರುಳುವ ಅಂಕಿಗಳು. ಅವು ತೋರಿಸಿದ ಆವರ್ತನವನ್ನು ಒಂದು ಕಿಲೋಹರ್ಟ್ಸ್‌ವರೆಗೆ ನಂಬಬಹುದಾಗಿತ್ತು. ಜರಡಿಯ ಕೆಲಸಕ್ಕೆ ಲೋಹದ ಬಿಲ್ಲೆಗಳ ಕಂಪನದಿಂದ ನಡೆಯುವ ಯಾಂತ್ರಿಕ ಫಿಲ್ಟರುಗಳು. ಗಾಳಿ ನಿರ್ಮಲವಾಗಿದ್ದರೆ ೮ ಕಿಲೋಹರ್ಟ್ಸ್ ಅಗಲಕ್ಕೆ ಬಾಗಿಲು ತೆರೆ, ಗಲಾಟೆ ಹೆಚ್ಚಿದರೆ ೪ಕ್ಕೆ ಇಳಿಸು, ಇನ್ನೂ ಹೆಚ್ಚಿದರೆ ೨ಕ್ಕೆ. ಇಂಗ್ಲೆಂಡಿನಲ್ಲಿ ಇದೇ ಕಾಲಕ್ಕೆ ರೇಕಲ್ ಕಂಪನಿಯ ಆರ್.ಎ.-೧೭ ಬಂತು. ಅದರ ಗುಟ್ಟು ದಕ್ಷಿಣ ಆಫ್ರಿಕದ ಟ್ರೆವರ್ ವಾಡ್ಲಿ ಎಂಬ ಎಂಜಿನಿಯರನದು. ಸಿನಿಮಾ ಫಿಲ್ಮಿನಂತೆ ಉರುಳುವ ಅಳತೆಪಟ್ಟಿ ಅದರ ಮುಖ. ಇವೆಲ್ಲ ಸರಕಾರಗಳ ದುಡ್ಡಿನಿಂದ, ಸರಕಾರಗಳ ಭಯದಿಂದ ಹುಟ್ಟಿದ ಯಂತ್ರಗಳು. ಅವು ಹಳತಾಗಿ ವಿಲೇವಾರಿಗೆ ಬಂದಾಗ ಕೊಂಡು, ತೊಳೆದು, ವಾಲ್ವು ಬದಲಿಸಿ, ಮಗುವಿನಂತೆ ನೋಡಿಕೊಂಡವರು ಹವ್ಯಾಸಿಗಳು.

ನಮ್ಮ ಮನೆಗಳಿಗೆ ಇಂಥವು ಬರಲಿಲ್ಲ. ಬರುವ ಹಾಗೂ ಇರಲಿಲ್ಲ. ಆಮದಿನ ನಿರ್ಬಂಧದ ಕಾಲ. ಮರ್ಫಿ, ಬುಷ್, ಫಿಲಿಪ್ಸ್, ಎಚ್.ಎಂ.ವಿ., ನ್ಯಾಷನಲ್ ಎಕ್ಕೊ, ಇವೇ ನಮ್ಮ ಭಾಗ್ಯ. ಆದರೂ ಅವುಗಳಲ್ಲಿ ಮೇಲ್ತರಗತಿಯವು ಕಳಪೆಯಾಗಿರಲಿಲ್ಲ ಎಂದು ಒತ್ತಿ ಹೇಳುತ್ತೇನೆ. ನನ್ನ ಸೋದರಮಾವನ ಮನೆಯಲ್ಲಿದ್ದ ಸೆಟ್ಟಿಗೆ ಅತ್ತೆ ಕಸೂತಿಯ ಗವಸು ಹೊಲಿದಿದ್ದರು. ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ತಾಮ್ರದ ಜಾಲರಿಪಟ್ಟಿಯ ಏರಿಯಲ್ಲು. ಗುಂಡಿ ಒತ್ತಿದ ಒಡನೆ ದನಿ ಬರುತ್ತಿರಲಿಲ್ಲ. ವಾಲ್ವು ಕಾಯಬೇಕು, ಮೊದಲು ಒಂದು ಬಗೆಯ ಬಿಸಿ ಧೂಳಿನ ವಾಸನೆ, ಆಮೇಲೆ ಹಸುರು ಮ್ಯಾಜಿಕ್ ಐ ಮಿನುಗುವುದು, ಕಡೆಗೆ ಧ್ವನಿ. ನಿಲಯ ಸರಿಯಾಗಿ ಕೂತರೆ ಆ ಹಸುರು ಕಣ್ಣು ರೆಪ್ಪೆ ಮುಚ್ಚಿದಂತೆ ಕಿರಿದಾಗುತ್ತಿತ್ತು. ಮಾವ ಅದರ ಕಿವಿ ಹಿಂಡಲು ಬೇರೆ ಯಾರನ್ನೂ ಬಿಡುತ್ತಿರಲಿಲ್ಲ. ೩೧ ಮೀಟರಿನ ಬ್ಯಾಂಡೊಂದನ್ನೇ ಡಯಲಿನ ಉದ್ದಕ್ಕೂ ಹರಡಿದ ಬ್ಯಾಂಡ್‌ಸ್ಪ್ರೆಡ್ ಸೆಟ್ಟು ಅದು. ಅದಕ್ಕಾಗಿ ಅವರು ವರ್ಷಕ್ಕೊಮ್ಮೆ ಅಂಚೆಕಚೇರಿಗೆ ಹೋಗಿ ಲೈಸೆನ್ಸಿನ ಹಣ ಕಟ್ಟಿ, ಮೊಹರು ಹಾಕಿಸಿಕೊಂಡು ಬರುತ್ತಿದ್ದರು.

ಆ ಕಾಲದ ಭಾರತೀಯರಿಗೆ ಶಾರ್ಟ್‌ವೇವನ್ನು ಕಲಿಸಿದ ಗುರು ಯಾರು ಎಂದರೆ ನಾನು ಲಂಡನ್ನನ್ನು ಹೆಸರಿಸುವುದಿಲ್ಲ, ಕೊಲಂಬೊವನ್ನು ಹೆಸರಿಸುತ್ತೇನೆ. ೧೯೫೨ರಲ್ಲಿ ವಾರ್ತಾ ಸಚಿವರಾದ ಬಿ. ವಿ. ಕೇಸಕರ್ ಅವರು ಸಿನಿಮಾ ಹಾಡುಗಳು ಆಕಾಶವಾಣಿಯಿಂದ ದೂರವಾಗುವಂತೆ ಮಾಡಿದರು. ಹಾಡುಗಳು ಸಮುದ್ರ ದಾಟಿ ರೇಡಿಯೋ ಸಿಲೋನಿನಲ್ಲಿ ಮನೆ ಮಾಡಿದವು. ಅದೇ ವರ್ಷ ಆರಂಭವಾದ ಬಿನಾಕಾ ಗೀತ್‌ಮಾಲಾ ಕಾರ್ಯಕ್ರಮಕ್ಕಾಗಿ, ಅಮೀನ್ ಸಯಾನಿಯವರ ದನಿಗಾಗಿ, ಬುಧವಾರ ಸಂಜೆ ಅಂಗಡಿ ಬೀದಿಗಳಲ್ಲಿ ಜನ ಗುಂಪುಗೂಡುತ್ತಿದ್ದರು. ೧೯೫೭ರಲ್ಲಿ ವಿವಿಧ ಭಾರತಿ ಬಂದು ಹಾಡುಗಳು ಮನೆಗೆ ಹಿಂದಿರುಗುವ ಹೊತ್ತಿಗೆ, ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುವ ಕಲೆ ಒಂದು ತಲೆಮಾರಿಗೇ ಕರಗತವಾಗಿತ್ತು. ಸಂಗೀತದ ಅಭಿರುಚಿಯನ್ನು ತಿದ್ದಲು ಹೊರಟ ಸಚಿವರು ಶಾರ್ಟ್‌ವೇವ್ ಕೇಳುಗರನ್ನು ತಯಾರು ಮಾಡಿದರು!

ಬೆಂಗಳೂರಿಗೂ ಇದರಲ್ಲಿ ಪಾಲಿದೆ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ೧೯೬೧ರಲ್ಲಿ ರೇಡಿಯೋ ವಾಲ್ವುಗಳನ್ನು ಮಾಡತೊಡಗಿತು. ಮರುವರ್ಷವೇ ಅಲ್ಲಿ ಟ್ರಾನ್ಸಿಸ್ಟರಿನ ಕುಲದ ಜರ್ಮೇನಿಯಂ ಭಾಗಗಳ ತಯಾರಿಕೆ ಮೊದಲಾಯಿತು. ವಾಲ್ವು ಬಂದ ಮರುವರ್ಷವೇ ಅದರ ದಾಯಾದಿ! ಈ ಜೋಡಿಯಲ್ಲೇ ಮುಂದಿನ ಕಥೆಯೆಲ್ಲ ಅಡಗಿದೆ. ಆದರೆ ಅಲ್ಲಿಗೆ ಹೋಗುವ ಮೊದಲು, ಪೆಟ್ಟಿಗೆಯ ಗುಣ ರಾಜಕೀಯದ ಸಂಗತಿಯಾದ ಕೆಲವು ಸಂದರ್ಭಗಳನ್ನು ಹೇಳಲೇಬೇಕು.

ಹಿಟ್ಲರ್ ಅಧಿಕಾರಕ್ಕೆ ಬಂದ ೧೯೩೩ರಲ್ಲೇ ಜರ್ಮನಿಯಲ್ಲಿ 'ಜನತಾ ಸೆಟ್ಟು' ಬಿಡುಗಡೆಯಾಯಿತು. ಬೆಲೆ ಅಗ್ಗ, ೭೬ ಮಾರ್ಕು. ಅದರ ಮಾದರಿಯ ಸಂಖ್ಯೆ ೩೦೧. ಹಿಟ್ಲರ್ ಚಾನ್ಸಲರ್ ಆದ ಜನವರಿ ೩೦ನೆಯ ತಾರೀಖಿನ ಗುರುತು ಅದು. ಅದರಲ್ಲಿ ಶಾರ್ಟ್‌ವೇವ್ ಇರಲಿಲ್ಲ. ಬಡವನ ಮನೆಗೂ ರೇಡಿಯೋ ಬಂತು, ಆದರೆ ಊರಿನ ಮಾತು ಕೇಳುವಷ್ಟೇ ಕಿವಿಯೊಂದಿಗೆ ಬಂತು. ೧೯೩೯ರ ಸೆಪ್ಟೆಂಬರ್ ೧ರಂದು, ಯುದ್ಧ ಆರಂಭವಾದ ದಿನವೇ, ಹೊರದೇಶದ ನಿಲಯ ಕೇಳುವುದು ಅಪರಾಧವಾಯಿತು; ಸೆಟ್ಟಿನ ಗುಂಡಿಗೆ ಎಚ್ಚರಿಕೆಯ ರಟ್ಟಿನ ಚೀಟಿಯೊಂದನ್ನು ನೇತುಹಾಕಲಾಯಿತು.

ನಮ್ಮಲ್ಲಿ ೧೯೪೨ರ ಚಳವಳಿಯಲ್ಲಿ ಮುಂಬಯಿಯಿಂದ ಉಷಾ ಮೆಹತಾ ಮತ್ತು ಸಂಗಡಿಗರು ನಡೆಸಿದ ಗುಪ್ತ ಕಾಂಗ್ರೆಸ್ ರೇಡಿಯೋ ೪೨.೩೪ ಮೀಟರಿನಲ್ಲಿ ಮಾತಾಡುತ್ತಿತ್ತು. ಪೋಲೀಸರಿಗೆ ಸಿಕ್ಕದಂತೆ ಮನೆಯಿಂದ ಮನೆಗೆ ಯಂತ್ರವನ್ನು ಹೊತ್ತು, ನವೆಂಬರಿನಲ್ಲಿ ಸಿಕ್ಕಿಬೀಳುವವರೆಗೆ ಅದನ್ನು ನಡೆಸಿದರು. ಅದನ್ನು ಕೇಳಬೇಕಾದರೆ ಶಾರ್ಟ್‌ವೇವ್ ಇದ್ದ ಸೆಟ್ಟೇ ಬೇಕು. ಚಳವಳಿಯ ಸುದ್ದಿ ಯಾರ ಮನೆಗೆ ತಲುಪಿತು ಎಂಬುದನ್ನು ಆ ಮನೆಯ ರೇಡಿಯೋದ ಡಯಲು ನಿರ್ಧರಿಸಿತು.

ಸೋವಿಯತ್ ಒಕ್ಕೂಟದ ಸಂಗತಿ ಇನ್ನೂ ವಿಚಿತ್ರ. ಅಲ್ಲಿ ರೇಡಿಯೋ ಸೆಟ್ಟುಗಳಿಗೇನೂ ಬರವಿರಲಿಲ್ಲ. ೧೯೬೦ರ ಸುಮಾರಿನಿಂದ ಲಾಟ್ವಿಯದ ರೀಗಾ ನಗರದಲ್ಲಿ ತಯಾರಾದ ಸ್ಪಿಡೋಲಾ ಎಂಬ ಟ್ರಾನ್ಸಿಸ್ಟರು ಬಹು ಒಳ್ಳೆಯ ಯಂತ್ರ. ಹೊರನಾಡಿಗೆ ಮಾರುವ ಸ್ಪಿಡೋಲಾಗಳಲ್ಲಿ ೧೩, ೧೬, ೧೯ ಮೀಟರಿನ ಬ್ಯಾಂಡುಗಳಿದ್ದವು. ಸ್ವದೇಶದವರಿಗೆ ಮಾರುವವುಗಳಲ್ಲಿ ೨೫ ಮೀಟರಿಗೇ ಬೇಲಿ. ಕಾರಣ ಸರಳ. ಪಶ್ಚಿಮದ ನಿಲಯಗಳ ದನಿಯನ್ನು ಮುಳುಗಿಸಲು ಗೊರಗೊರ ಸದ್ದು ಹೊರಡಿಸುವ ಯಂತ್ರಗಳನ್ನು ಸರಕಾರ ಅಲ್ಲಲ್ಲಿ ನಿಲ್ಲಿಸಿತ್ತು. ಅತಿ ಕಿರಿದಾದ ಆ ತರಂಗಗಳಲ್ಲಿ ಮಾತ್ರ ಆ ಗದ್ದಲ ಅಷ್ಟಾಗಿ ಸಾಗುತ್ತಿರಲಿಲ್ಲ. ಕೈಚಳಕವಿದ್ದ ಮೆಕ್ಯಾನಿಕ್ಕುಗಳು ಕದ್ದು ಮುಚ್ಚಿ ಆ ಬ್ಯಾಂಡುಗಳನ್ನು ಸೇರಿಸಿಕೊಡುತ್ತಿದ್ದರು. ೧೯೮೮ರಲ್ಲಿ ಗದ್ದಲದ ಯಂತ್ರಗಳು ಬಾಯಿ ಮುಚ್ಚುವವರೆಗೂ ಈ ಕಸುಬು ನಡೆದೇ ಇತ್ತು. ಒಳ್ಳೆಯ ಸೆಟ್ಟಿಗಾಗಿ ಪರಿತಪಿಸುವುದು ಕೆಲಸವಿಲ್ಲದವರ ಚಪಲ ಎನ್ನುವವರಿಗೆ ನಾನು ಈ ಮೆಕ್ಯಾನಿಕ್ಕುಗಳನ್ನು ತೋರಿಸುತ್ತೇನೆ.

ಇನ್ನು ಇಳಿಜಾರಿನ ಮಾತು. ಟ್ರಾನ್ಸಿಸ್ಟರನ್ನು ನಾನು ಶಪಿಸಲಾರೆ; ಹೊಲದ ಬದುವಿಗೂ ಬಾನುಲಿಯನ್ನು ಒಯ್ದದ್ದು ಅದೇ. ಆದರೆ ಬೆಲೆ ಇಳಿಸುವ ಪೈಪೋಟಿಯಲ್ಲಿ ಮೊದಲು ಬಲಿಯಾದದ್ದು ಜರಡಿ. ಒಂದು ಕಾಲಕ್ಕೆ ನನಗೆ ಉಡುಗೊರೆಯಾಗಿ ಬಂದ ಸೆಟ್ಟೊಂದರ ಎದೆಯ ಮೇಲೆ 'ವಿಶ್ವವನ್ನೇ ಕೇಳಿ, ೧೨ ಬ್ಯಾಂಡು' ಎಂದು ಬೆಳ್ಳಿಯ ಅಕ್ಷರಗಳಿದ್ದವು. ತಯಾರಕರ ಹೆಸರು ಬೇಡ. ಅದರಲ್ಲಿ ಕೇಳಿದ್ದೇ ನಿಲಯ ಮತ್ತೆ ೯೧೦ ಕಿಲೋಹರ್ಟ್ಸ್ ಆಚೆ ದೆವ್ವದಂತೆ ಇನ್ನೊಮ್ಮೆ ಕೇಳಿಸುತ್ತಿತ್ತು. ೪೫೫ ಕಿಲೋಹರ್ಟ್ಸ್‌ಗೆ ಇಳಿಸುವ ಸೆಟ್ಟಿನ ಹೆಬ್ಬಾಗಿಲಿಗೆ ಕಾವಲಿಲ್ಲದಿದ್ದರೆ, ಅದರ ಎರಡರಷ್ಟು ದೂರದಲ್ಲಿ ಈ ಪ್ರತಿಬಿಂಬ ತಪ್ಪದು. ರಾತ್ರಿಯಾಯಿತೆಂದರೆ ಪ್ರಬಲ ನಿಲಯವೊಂದು ಡಯಲಿನ ತುಂಬ ಹರಡಿ ಕೂರುತ್ತಿತ್ತು. ಹನ್ನೆರಡು ಬ್ಯಾಂಡಿನಲ್ಲಿ ನಾನು ನೆಟ್ಟಗೆ ಕೇಳಿದ್ದು ಮೂರು ನಿಲಯ.

ದೀಪ ಆರುವ ಮುನ್ನ ಉರಿದಂತೆ ಕೆಲವು ಅದ್ಭುತ ಸೆಟ್ಟುಗಳು ಬಂದವು. ಜಪಾನಿನ ಯೇಸು ಕಂಪನಿಯ ಎಫ್.ಆರ್.ಜಿ.-೭ ಹಿಂದೆ ಹೇಳಿದ ವಾಡ್ಲಿಯ ಗುಟ್ಟನ್ನೇ ಸಾಮಾನ್ಯರ ಕೈಗೆ ಇಟ್ಟಿತು. ೧೯೮೫ರ ಸೋನಿ ಐ.ಸಿ.ಎಫ್.-೨೦೧೦, ಕೈಯಲ್ಲಿ ಹಿಡಿದು ನಡೆಯಬಹುದಾದ ಸೆಟ್ಟಿಗೆ ಸಿಂಕ್ರೊನಸ್ ಡಿಟೆಕ್ಷನ್ ಎಂಬ ಸೌಕರ್ಯ ತಂದಿತು. ದೂರದ ದನಿ ಕುಗ್ಗಿ ವಿಕಾರವಾಗುವ ಗಳಿಗೆಯಲ್ಲಿ, ಸೊರಗಿಹೋದ ವಾಹಕ ತರಂಗವನ್ನು ಸೆಟ್ಟೇ ಹುಟ್ಟಿಸಿ ತುಂಬಿಕೊಡುತ್ತಿತ್ತು. ೧೯೯೧ರಲ್ಲಿ ಅಮೆರಿಕದ ಡ್ರೇಕ್ ಆರ್-೮, ೧೯೯೬ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಎ.ಆರ್.-೭೦೩೦. ಹೊಸ ಶತಮಾನದ ಮೊದಲ ಒಂದು ದಶಕದೊಳಗೆ ಇವೆಲ್ಲ ಅಂಗಡಿಯಿಂದ ಮರೆಯಾದವು. ಇಂಥ ಸೆಟ್ಟುಗಳನ್ನು ಪ್ರತಿವರ್ಷ ಪರೀಕ್ಷಿಸಿ ನಕ್ಷತ್ರ ಕೊಡುತ್ತಿದ್ದ 'ಪಾಸ್‌ಪೋರ್ಟ್ ಟು ವರ್ಲ್ಡ್ ಬ್ಯಾಂಡ್ ರೇಡಿಯೋ' ಎಂಬ ವಾರ್ಷಿಕ ೨೦೦೯ರ ಸಂಚಿಕೆಯೊಂದಿಗೆ ನಿಂತಿತು.

ನಿಲಯಗಳೂ ಒಂದೊಂದೇ ಗುಳೆ ಹೊರಟವು. ಬಿ.ಬಿ.ಸಿ. ೨೦೦೧ರಲ್ಲಿ ಉತ್ತರ ಅಮೆರಿಕಕ್ಕೂ ಆಸ್ಟ್ರೇಲಿಯಕ್ಕೂ ಶಾರ್ಟ್‌ವೇವ್ ನಿಲ್ಲಿಸಿತು. ೨೦೧೨ರಲ್ಲಿ ಹಾಲೆಂಡು, ಕೆನಡಾ. ೨೦೧೭ರ ಜನವರಿಯಲ್ಲಿ ರೇಡಿಯೋ ಆಸ್ಟ್ರೇಲಿಯ. ನಮ್ಮ ಯಲಹಂಕದ ಬಳಿ ೧೯೯೪ರಲ್ಲಿ ಆಕಾಶವಾಣಿಯ ೫೦೦ ಕಿಲೋವಾಟ್ ಶಾರ್ಟ್‌ವೇವ್ ಯಂತ್ರಗಳು ತಲೆಯೆತ್ತಿದಾಗ ನಾವು ಹಿಗ್ಗಿದ್ದೆವು. ಅವುಗಳ ದನಿಯನ್ನು ಕೇಳಬೇಕಾದ ಸೆಟ್ಟುಗಳು ಆಗಲೇ ಅಟ್ಟ ಸೇರತೊಡಗಿದ್ದವು. ಕೇಳುವವರಿಲ್ಲವೆಂದು ನಿಲಯ ಮುಚ್ಚುವುದು, ನಿಲಯವಿಲ್ಲವೆಂದು ಸೆಟ್ಟು ಮಾಡದಿರುವುದು, ಒಳ್ಳೆಯ ಸೆಟ್ಟಿಲ್ಲವೆಂದು ಕೇಳದಿರುವುದು: ಗಾಣದ ಎತ್ತಿನ ಸುತ್ತು. ಸಾಲದ್ದಕ್ಕೆ ಈಗ ಮನೆಮನೆಯ ಎಲ್.ಇ.ಡಿ. ಬಲ್ಬು, ಮೊಬೈಲಿನ ಚಾರ್ಜರು, ಎಲ್ಲವೂ ಗಾಳಿಗೆ ಗೊರಗುಟ್ಟುತ್ತವೆ. ಆರ್-೩೯೦ಎ ತಂದು ಜಯನಗರದ ಮೂರನೆಯ ಮಹಡಿಯಲ್ಲಿಟ್ಟರೂ ಅದು ಪಕ್ಕದ ಮನೆಯ ಚಾರ್ಜರನ್ನೇ ಬಹು ಚೆನ್ನಾಗಿ ಕೇಳಿಸೀತು.

ನ್ಯಾಯವಾಗಿ ಇನ್ನೊಂದು ಮಾತು ಹೇಳಬೇಕು. ಕಿರಿಯ ಹವ್ಯಾಸಿಗಳು ನಮ್ಮ ಕೊರಗನ್ನು ಪೂರ್ತಿ ಒಪ್ಪುವುದಿಲ್ಲ. ಇಂದು ಜರಡಿಯ ಕೆಲಸವನ್ನು ಗಣಿತವೇ ಮಾಡುತ್ತದೆ; ಕಂಪ್ಯೂಟರಿಗೆ ಜೋಡಿಸುವ ಬೆರಳುದ್ದದ ಸಾಧನ ಬೇಕಾದಷ್ಟು ಚೂಪಾದ ಫಿಲ್ಟರು ಕೊಡುತ್ತದೆ. ೨೦೦೮ರಲ್ಲಿ ಹಾಲೆಂಡಿನ ಟ್ವೆಂಟೆ ವಿಶ್ವವಿದ್ಯಾಲಯದಲ್ಲಿ ಇಟ್ಟ ರೇಡಿಯೋ ಒಂದನ್ನು ಅಂತರಜಾಲದ ಮೂಲಕ ಯಾರು ಬೇಕಾದರೂ, ನೂರಾರು ಜನ ಒಟ್ಟಿಗೇ, ತಮಗೆ ಬೇಕಾದ ಕಡೆ ತಿರುಗಿಸಿ ಕೇಳುವಂತಾಯಿತು. ನಾನೂ ಬೆಂಗಳೂರಿನಿಂದಲೇ ಅದನ್ನು ತಿರುಗಿಸಿದ್ದೇನೆ, ಬೆರಗಾಗಿದ್ದೇನೆ. ಆದರೆ ಅಲ್ಲಿ ಕೇಳುವುದು ಹಾಲೆಂಡಿನ ಆಕಾಶ, ಮತ್ತು ನಡುವೆ ಒಂದು ಬಾಗಿಲಿದೆ. ಬಾಗಿಲಿಗೆ ಬೀಗ ಹಾಕುವವರಿದ್ದಾರೆ.

೨೦೧೯ರ ಆಗಸ್ಟಿನಲ್ಲಿ ಕಾಶ್ಮೀರದಲ್ಲಿ ಅಂತರಜಾಲವೂ ಟೆಲಿಫೋನೂ ಸ್ತಬ್ಧವಾದಾಗ ಬಿ.ಬಿ.ಸಿ. ಹಿಂದಿ, ಉರ್ದು, ಇಂಗ್ಲಿಷ್ ಭಾಷೆಗಳ ಶಾರ್ಟ್‌ವೇವ್ ಪ್ರಸಾರದ ಹೊತ್ತನ್ನು ಹೆಚ್ಚಿಸಿತು. ಐದೂವರೆ ತಿಂಗಳು ಕಳೆದು ೨೦೨೦ರ ಜನವರಿ ೩೧ರಂದು, ೧೯೪೦ರಿಂದ ನಡೆದುಬಂದ ಅದರ ಹಿಂದಿ ಶಾರ್ಟ್‌ವೇವ್ ಪ್ರಸಾರ ನಿಂತಿತು.

ಯುಕ್ರೇನಿನ ಯುದ್ಧ ಆರಂಭವಾದ ಮೇಲೆ, ೨೦೨೨ರ ಮಾರ್ಚಿನಲ್ಲಿ, ಅದೇ ಬಿ.ಬಿ.ಸಿ. ಯುಕ್ರೇನಿಗೂ ರಷ್ಯದ ಕೆಲವು ಭಾಗಗಳಿಗೂ ಕೇಳಿಸುವಂತೆ ದಿನಕ್ಕೆ ನಾಲ್ಕು ಗಂಟೆ ಶಾರ್ಟ್‌ವೇವಿನಲ್ಲಿ ಸುದ್ದಿ ಹೇಳತೊಡಗಿತು: ರಾತ್ರಿ ೫೮೭೫ ಕಿಲೋಹರ್ಟ್ಸ್, ಸಂಜೆಗೆ ಮುಂಚೆ ೧೫೭೩೫. ಆ ದಿನ ನಾನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ೧೫೭೩೫ ಎಂದರೆ ೧೯ ಮೀಟರಿನ ಬ್ಯಾಂಡು. ಆ ನಾಡುಗಳಲ್ಲಿ ಯಾರಾದರೂ ಅಟ್ಟ ಹತ್ತಿ ಅಜ್ಜನ ಕಾಲದ ಸ್ಪಿಡೋಲಾ ಇಳಿಸಿ, ಧೂಳು ಕೊಡವಿ, ಬ್ಯಾಟರಿ ಹಾಕಿದ್ದರೆ, ಹಳೆಯ ಮೆಕ್ಯಾನಿಕ್ಕಿನ ಕೈ ತಾಗಿದ ಸೆಟ್ಟುಗಳಲ್ಲಿ ಮಾತ್ರ ಅದು ಕೇಳಿಸಿರಬೇಕು.